ಅಜ್ಜನಿಗೂ ಮುದ್ರೆ ಕೇಳಿ

ಕಾಲುವೆ ವರ್ಷ ೩೧೨, ಹದಿಮೂರನೆಯ ತಿಂಗಳು, ೩೪ನೆಯ ದಿನ
ಎಡದಂಡೆ ಕಾಲುವೆ, ಹೊತ್ತಿನ ಕೋಣೆ

ನಮಗಿಂತ ಮೊದಲು ಬದುಕಿದವರಿಗೆ,

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ನೀರಿದ್ದಷ್ಟು ದಿನ ತಿಂಗಳು ಹಿಗ್ಗುತ್ತದೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನೀಲಗಂಗವ್ವ, ಹೊತ್ತುಗಾರ್ತಿ. ಕಾಲುವೆಯ ನೂರಾರು ಗೇಟುಗಳ ಕಂಪ್ಯೂಟರುಗಳೆಲ್ಲ ಒಂದೇ ಹೊತ್ತು ತೋರಿಸುವಂತೆ ಕಾಯುವುದು ನನ್ನ ಕೆಲಸ. ಅವು ಮೂರು ಹೊತ್ತಿನ ಮನೆಗಳನ್ನು, ಅಂದರೆ ದೊಡ್ಡ ಗಡಿಯಾರಗಳನ್ನು, ತಂತಿಯ ಮೂಲಕ ವೇಳೆ ಕೇಳುತ್ತವೆ. ಬರುವ ಉತ್ತರಕ್ಕೆ ಮುದ್ರೆ ಇರಬೇಕು. ಅದು ಆ ಮನೆ ಮಾತ್ರ ಹಾಕಬಲ್ಲ ಗುಟ್ಟಿನ ಗುರುತು. ಆ ಮೂರರಲ್ಲಿ ಅಣೆಕಟ್ಟಿನ ಗಡಿಯಾರಕ್ಕೆ ಮಾತ್ರ, ಮುದ್ರೆ ಇದ್ದರೂ, ಈ ಕಟ್ಟಳೆ ಇರಲಿಲ್ಲ. ಎಲ್ಲಕ್ಕಿಂತ ಹಳೆಯದಾದ ಅದನ್ನು ನಾವು ಅಜ್ಜ ಎನ್ನುತ್ತೇವೆ. ಅಜ್ಜ ಬಾಗಿಲಿಗೆ ಬಂದರೆ ನೀನ್ಯಾರೆಂದು ಕೇಳುವುದುಂಟೇ? ಮನೆಗಳ ಮಾತು ಹೊಂದದಿದ್ದರೆ ಅಜ್ಜನ ಮಾತೇ ಕಡೆಯದು. ನನ್ನ ಗುರುಗಳು ಹಾಗೆ ಕಲಿಸಿದ್ದರು, ನಾನೂ ಹೆಮ್ಮೆಯಿಂದ ಪಾಲಿಸುತ್ತಿದ್ದೆ.

ಈಗ ಹೂಳು ತೆಗೆಯುವ ಕಾಲ. ಬೆಳಿಗ್ಗೆ ನೀರು ನಿಲ್ಲಿಸಿದ ಕಾಲುವೆಗೆ ಇಳಿದವರು ಹನ್ನೆರಡಕ್ಕೆ ಮೇಲೆ ಹತ್ತುತ್ತಾರೆ, ಹನ್ನೆರಡೂವರೆಗೆ ಗೇಟು ತೆರೆದು ನೀರು ನುಗ್ಗುತ್ತದೆ. ನನ್ನ ತಂಗಿ ಸಂಗವ್ವ ಆ ಗುಂಪಿನ ಮುಂದಾಳು. ಹೋದ ವಾರ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ, ಅಜ್ಜನಿಗೆ ಮುದ್ರೆ ಕೇಳದ ನಮ್ಮ ರೂಢಿಯನ್ನು ಆಡಿಕೊಂಡಳು.

“ಮುದ್ರಿ ಕೇಳಿದ್ರ ಸಿಟ್ಟಾಗಾವ ಖರೇ ಅಜ್ಜ ಅಲ್ಲ ಬಿಡಕ್ಕಾ.”

ನಿನ್ನ ಸಲಿಕೆ ನೀನು ನೋಡಿಕೋ ಎಂದು ರೇಗಿ ಬಂದೆ.

ಅದೇ ದಿನ, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ, ಅಜ್ಜನ ಹೆಸರಿನಲ್ಲಿ ಹೊತ್ತು ಬಂತು: ಹನ್ನೆರಡೂವರೆ. ಉಳಿದೆರಡು ಮನೆಗಳು ಒಪ್ಪಲಿಲ್ಲ. ಗೇಟು ನನ್ನ ತೀರ್ಪು ಕೇಳಿ ನಿಂತಿತು. ರೂಢಿಯಂತೆ ಬೆರಳು ಅಜ್ಜನ ಹೊತ್ತನ್ನು ಒಪ್ಪುವ ಗುಂಡಿಯ ಮೇಲೆ ಹೋಯಿತು. ತಂಗಿಯ ಮಾತು ನೆನಪಾಗಿ ಅಲ್ಲೇ ನಿಂತೆ. ನಾಚಿಕೆ ಬಿಟ್ಟು ಅಜ್ಜನಿಗೆ ಮುದ್ರೆ ಕೇಳಿದೆ. ಮುದ್ರೆ ಬರಲಿಲ್ಲ. ಯಾರೋ ಹೊರಗಿನವರು ಅಜ್ಜನ ದನಿಯಲ್ಲಿ ಮಾತಾಡಿದ್ದರು. ಗೇಟು ತೆರೆಯದಂತೆ ತಡೆದು ಆ ತಂತಿಯನ್ನು ಕಿತ್ತು, ಕಾಲುವೆಗೆ ಓಡಿದೆ. ಹನ್ನೊಂದು ಹೆಂಗಸರ ಹಿಂದೆ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಸಂಗವ್ವ ಹತ್ತಿ ಬಂದಳು. ಬರುವವಳು ಬುತ್ತಿಯನ್ನಾದರೂ ತರಬಾರದಿತ್ತೇ ಎಂದು ಬೈದಳು. ನಾನು ಅಳುತ್ತಲೇ ನಕ್ಕೆ.

ಮಾಡಿದವರು ಯಾರೆಂದು ಇನ್ನೂ ತಿಳಿದಿಲ್ಲ. ಆದರೂ ನಾವೀಗ ನೆಮ್ಮದಿಯಾಗಿದ್ದೇವೆ. ಅಜ್ಜನಿಗೆ ದಿನವೂ ಮುದ್ರೆ ಕೇಳುತ್ತೇವೆ, ಅವನು ದಿನವೂ ಕೊಡುತ್ತಾನೆ. ಅವನ ಮರ್ಯಾದೆ ಎಳ್ಳಷ್ಟೂ ಕಡಿಮೆಯಾಗಿಲ್ಲ. ನಿಮ್ಮ ಕಂಪ್ಯೂಟರುಗಳಿಗೂ ಇದನ್ನು ಈಗಲೇ ಕಲಿಸಿಬಿಡಿ, ನಮ್ಮ ತನಕ ಕಾಯಬೇಡಿ.

ಲಕೋಟೆಯ ಮೇಲೆ ನನ್ನ ಮುದ್ರೆ ಹಾಕಿದ್ದೇನೆ. ಅದನ್ನು ನೋಡದೆ ಈ ಪತ್ರವನ್ನೂ ನಂಬಬೇಡಿ. ನನಗೇನೂ ಸಿಟ್ಟಿಲ್ಲ.

ನೀಲಗಂಗವ್ವ