ಆಮ್ರಪಾಲಿಯ ಗ್ಲೌಸು

ಕೇಶರ,

ನಿನ್ನ ಮೊಮ್ಮಗಳು ಆಮ್ರಪಾಲಿ ನಿನ್ನೆ ಮತ್ತೆ ಗೋಲಿನ ಮುಂದೆ ನಿಂತಳು. ನೀನು ಹೋದ ಮೇಲೆ ನನಗೆ ರೊಟ್ಟಿ ಬಡಿಯಲೆಂದು ಭಾಲ್ಕಿಯ ಕಾಲೇಜು ಫುಟ್‌ಬಾಲ್ ತಂಡವನ್ನೇ ಬಿಟ್ಟಿದ್ದಳು. ಅದಕ್ಕೇ ನಾನು ಹಟ ಹಿಡಿದು ಅಡುಗೆ ಕಲಿತೆ. ರೊಟ್ಟಿಯ ಆಕಾರದ ಮಾತು ಬೇಡ.

ಕೋಚ್ ದಸ್ತಗೀರ ಸಾಹೇಬರು, "ನಡುವ ಬಿಟ್ಟು ಹೋದಕಿಗಿ ಮತ್ತ ಚಾನ್ಸ್ ಯಾಕ ಕೊಡಲಿರಿ?" ಎಂದರು. ನಾನು ಇಂಗ್ಲಿಷಿನಲ್ಲೇ ವಾದಿಸಿದೆ. ಕಾಲೇಜಿನಲ್ಲಿ ಕಲಿತದ್ದರಲ್ಲಿ ನೆನಪಿದ್ದದ್ದು ರಜಾ ಅರ್ಜಿ ಒಂದೇ. "ಐ ಬೆಗ್ ಟು ಸ್ಟೇಟ್ ದ್ಯಾಟ್, ಸಫರಿಂಗ್ ಫ್ರಮ್ ಫೀವರ್..."

"ಯಾರಿಗಿ ಜ್ವರ ಬಂದಾವ್ರಿ ಕಾಕಾ?" ಎಂದು ನಕ್ಕುಬಿಟ್ಟರು. "ಆಯ್ತು, ಔರಾದದವರ ಮ್ಯಾಲ ಒಂದ್ ಮ್ಯಾಚ್ ಆಡ್ಲಿ, ನೋಡಮ್."

ಬೀದರಿನ ಮೈದಾನದಲ್ಲಿ ಮೊದಲ ಚೆಂಡೇ ಅವಳ ಕೈಯಿಂದ ಜಾರಿ ಗೋಲಾಯಿತು. ಅವಳು ಗ್ಲೌಸು ಮೂಸಿ ನೋಡಿ, ಅಲ್ಲಿಂದಲೇ ನನ್ನತ್ತ ಕೂಗಿದಳು: "ಮುತ್ಯಾ! ಇದಕ್ಕ ಒಗ್ಗರಣಿ ವಾಸನಿ ಹ್ಯಾಂಗ ಬಂತು?"

ಇಷ್ಟು ದಿನ ಅದನ್ನು ತೊಟ್ಟೇ ರೊಟ್ಟಿ ತಿರುವಿದ್ದೆ, ಒಗ್ಗರಣೆ ಬೋಗುಣಿ ಇಳಿಸಿದ್ದೆ. ಬೆಳಿಗ್ಗೆ ಒರೆಸಿ ಅವಳ ಚೀಲದಲ್ಲಿಟ್ಟಿದ್ದೆ.

ಗ್ಲೌಸು ಕಿತ್ತೆಸೆದು ಬರಿಗೈಯಲ್ಲಿ ಆಡಿದಳು. ಕೊನೆಗೆ ಪೆನಾಲ್ಟಿಯನ್ನೂ ತಡೆದಳು. ತಂಡ ಗೆದ್ದಿತು, ಅವಳ ಅಂಗೈ ಕೆಂಪಗೆ ಊದಿತು.

"ನಾಳಿಂದ ಪ್ರಾಕ್ಟೀಸಿಗಿ ಬಾ," ಎಂದರು ಸಾಹೇಬರು. "ಗ್ಲೌಸ್ ತೊಳದು ಕೀಲಿ ಹಾಕಿಡು. ಮುತ್ಯಾನ ಕೈಗಿ ಸಿಗಬಾರ್ದು."

ಇವತ್ತು ಬರಿಗೈಯಲ್ಲೇ ರೊಟ್ಟಿ ತಿರುವಿದೆ. ಬೆರಳಿಗೆ ಬೊಬ್ಬೆ ಎದ್ದಿವೆ, ಅದಕ್ಕೇ ಅಕ್ಷರ ಸೊಟ್ಟ. ಕೇಶರ, ನೀನು ಅಷ್ಟು ವರ್ಷ ಬರಿಗೈಯಲ್ಲೇ ತಿರುವಿದೆಯಲ್ಲ, ನಿನ್ನ ಕೈ ಸುಡುತ್ತಿರಲಿಲ್ಲವೇನು?

ಯುವರ್ಸ್ ಒಬಿಡಿಯಂಟ್ಲಿ,
ಗೋರಖನಾಥ