ಮೂರು ಚೆಂಡು, ಒಂದು ಕಟ್ಟು ಬೀಡಿ

ಫೆಬ್ರವರಿ ಮೂವತ್ತು, ಕ್ರಿ.ಶ. 2231

ಅಖಂಡ ಮದುವೆ ಮೆರವಣಿಗೆ ಮಂಡಲಾಧೀಶ್ವರ, ಕ್ಲಾರಿನೆಟ್ ಕುಲತಿಲಕ, ಪಡಸಾಲೆಯ ನವಾರು ಮಂಚದ ಸಿಂಹಾಸನಾರೂಢ, ಹರಿಹರದ ಶ್ರೀಮಾನ್ ಭರಮಪ್ಪಜ್ಜನವರ ಪಾದಾರವಿಂದಗಳಿಗೆ ತಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಅಡ್ಡಬಿದ್ದು ಮಾಡುವ ಬಿನ್ನಹ. ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಲ್ಲಿ ಮನೆಮನೆಯ ಹೊಸ್ತಿಲಲ್ಲೂ ಉಸಿರುಮಣೆ ಇರುತ್ತದೆ. ಅದರ ಮೇಲೆ ನಿಂತವರ ಎದೆಯೊಳಗಿನ ಕಥೆಯನ್ನೆಲ್ಲ ಅದು ಓಣಿಗೇ ಕೇಳುವಂತೆ ಒದರುತ್ತದೆ. ಹಾಗಾಗಿ ಹಿತ್ತಲಲ್ಲಿ ಬೀಡಿ ಸೇದಿ ಬಂದು ಏಲಕ್ಕಿ ಅಗಿಯುವ ತಮ್ಮ ಪುರಾತನ ವಿದ್ಯೆ ನಶಿಸಿಹೋಗಿದೆ. ಉಣ್ಣುವಾಗ ಕೊರಳಿಗೆ ಒಳದೀಪ ಕಟ್ಟಿಕೊಳ್ಳುತ್ತೇವೆ. ತುತ್ತು ಎಲ್ಲಿ ತಡೆಯಿತೆಂದು ಕೂಸುಗಳೂ ಬೆರಳಿಟ್ಟು ತೋರಿಸುತ್ತವೆ. ತಾವಾದರೋ ಆರು ತಿಂಗಳು "ರೊಟ್ಟಿ ಗಟ್ಟಿ ಐತಿ" ಎಂದು ತಪ್ಪನ್ನೆಲ್ಲ ಅಜ್ಜಿಯ ತಲೆಗೆ ಕಟ್ಟಿದಿರಿ.

ತಮ್ಮ ಆಪರೇಷನ್ ನಮ್ಮ ಶಾಲೆಯಲ್ಲಿ ಪಾಠವಾಗಿದೆ. ಅನ್ನನಾಳದ ಕ್ಯಾನ್ಸರ್ ಗಡ್ಡೆ ಕತ್ತರಿಸಿ, ಜಠರವನ್ನು ಮೇಲೆಳೆದು ಹೊಲಿಯುವುದು ಡಾಕ್ಟರ ಕೆಲಸ. ಆಮೇಲೆ ಆ ಹೊಲಿಗೆ ಸೋರದಂತೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗದಂತೆ ಕಾಯುವುದರಲ್ಲಿ ರೋಗಿಯ ಪಾಲೂ ಇದೆ. ಹೊಗೆ ತುಂಬಿದ ಎದೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಸೊರಗಿದ ಮೈ: ವೈರಿಗಳು ಒಳಗೆ ನುಗ್ಗುವುದು ಈ ಬಾಗಿಲುಗಳಿಂದಲೇ. ಅದಕ್ಕೇ ಡಾಕ್ಟರು ಆಪರೇಷನ್ನಿಗೆ ಮುಂಚೆ ಮೈ ಸಜ್ಜುಮಾಡಿಕೊಳ್ಳಲು ತಿಂಗಳ ಗಡುವು ಕೊಟ್ಟು, ಮೂರು ಚೆಂಡಿನ ಉಸಿರಿನ ಯಂತ್ರವನ್ನೂ ಕೈಗಿತ್ತು ಕಳಿಸಿದ್ದು.

ನಲವತ್ತು ವರ್ಷ ಕ್ಲಾರಿನೆಟ್ ಊದಿದ ತಾವು ಅದನ್ನೂ ಊದಿದಿರಿ. ಚೆಂಡು ಮಿಸುಕಲಿಲ್ಲ.

"ಲೇ ಹುಡುಗಿ, ಇದು ಕೆಟ್ಟೈತಿ, ವಾಪಸ್ ಕೊಟ್ಟು ಬಾ! ನಾ ಊದಿದ್ದಕ್ಕ ಮದುವಿ ಕುದುರಿ ಕುಣದಾವು, ಈ ಗೋಲಿ ಅಲ್ಲಾಡವಲ್ದು!"

"ನರ್ಸಮ್ಮ ಊದ್ರಿ ಅಂದಿಲ್ಲ, ಎಳೀರಿ ಅಂದಾಳ" ಎಂದಳು ಅಜ್ಜಿ. "ಬೀಡಿ ಎಳಿಯಾಕ ಬರ್ತೈತಿ, ಬರೇ ಗಾಳಿ ಎಳಿಯಾಕ ಬರಂಗಿಲ್ಲೇನು?"

ಈ ಸಂವಾದವನ್ನು ನಾವು ಬಾಯಿಪಾಠ ಮಾಡುತ್ತೇವೆ. ಮುಂದಿನದನ್ನೂ ಇತಿಹಾಸ ಖಚಿತವಾಗಿ ಬರೆದಿಟ್ಟಿದೆ: ತಾವು ಗಂಟೆಗೊಮ್ಮೆ ಹತ್ತು ಸಲ ಉಸಿರೆಳೆದಿರಿ, ಅಜ್ಜಿ ಕೊಟ್ಟ ಮೊಟ್ಟೆ ಬೆರೆಸಿದ ಗಂಜಿಯನ್ನು ಬೆಕ್ಕಿಗೆ ಹಾಕದೆ ಕುಡಿದಿರಿ, ದಿನಾ ಬಸ್ ಸ್ಟ್ಯಾಂಡಿನವರೆಗೆ ನಡೆದಿರಿ. ಹೊಲಿಗೆ ಸೋರಲಿಲ್ಲ. ಮುಂದಿನ ವರ್ಷ ಮೊಮ್ಮಗಳ ಮದುವೆಯಲ್ಲಿ ತಾವೇ ಊದಿದಿರಿ. ತಮ್ಮ ಕೊನೆಯ ಬೀಡಿ ಕಟ್ಟು, ಸೇದದೆ ಉಳಿದದ್ದು, ನಮ್ಮ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸವನ್ನು ಸುಳ್ಳು ಮಾಡಬೇಡಿ ಎಂಬುದೊಂದೇ ಪ್ರಾರ್ಥನೆ.

ಇನ್ನೊಂದು ಮಾತು, ಅಜ್ಜ. ಕ್ಲಾರಿನೆಟ್ ಪೆಟ್ಟಿಗೆಯಲ್ಲಿ ಆ ಕಟ್ಟು ಹುಡುಕಬೇಡಿ. ನನ್ನ ಕಾಲೇಜು ಬ್ಯಾಗಿನಲ್ಲಿದೆ. ನನ್ನ ಮದುವೆಗೆ ಗಂಡೂ ಗೊತ್ತಾಗಿಲ್ಲ. ಇವತ್ತು ಬುಧವಾರ, ನಾನು ಅಡುಗೆಮನೆಯಲ್ಲಿ ಕೂತಿದ್ದೇನೆ. ಹತ್ತೊಂಬತ್ತನೇ ತಾರೀಖು ನಿಮ್ಮ ಆಪರೇಷನ್ನಿನಲ್ಲಿ ಏನಾಗುತ್ತದೋ ನನಗೂ ತಿಳಿಯದು. ಹೊಲಿಗೆ ಸೋರಲಿಲ್ಲ ಎಂದು ಇಷ್ಟು ಧೈರ್ಯವಾಗಿ ಹೇಳಲು ಇನ್ನೂರು ವರ್ಷ ದೂರ ಹೋಗಬೇಕಾಯಿತು.

ನಿಮ್ಮ ಮೊಮ್ಮಗಳು,
ರೇಣವ್ವ