ತೊಳೆದ ಕಾಲನ್ನೇ ತೊಳೆದವರು

2191ನೇ ಇಸವಿ, ಈಸ್ಟರ್ ಕಳೆದ ಮೂರನೆಯ ಸೋಮವಾರ

ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ ಕಡಲಕಟ್ಟೆಯ ಇಂತ್ರು ಬರೆಯುವುದು.

ಈ ಕಥೆಯನ್ನು ಮೊದಲು ಹೇಳಿದವಳು ಆಸ್ಪತ್ರೆಯಲ್ಲಿ ಕೆಲಸಕ್ಕಿರುವ ಲುಸ್ಸಿಬಾಯಿ. ಹೇಳಿದ್ದು ಈ ವರ್ಷದ ಶುಭ ಶುಕ್ರವಾರ ಮಧ್ಯಾಹ್ನ, ಇಗರ್ಜಿಯ ಹಿಂದಿನ ಹುಣಸೆಮರದ ಕೆಳಗೆ ನಾವು ಹದಿನೈದು ಮಂದಿ ಉಪವಾಸದ ಗಂಜಿಗೆ ಕಾಯುತ್ತಿದ್ದಾಗ. ನನ್ನ ಮಾತಿನಲ್ಲಿ ತಿಳಿಯದ ಪದಗಳು ಸಿಕ್ಕರೆ ಬೇಸರಿಸಬೇಡಿ. ಹೊಸ ಕಾಯಿಲೆಗಳು ಬಂದವು, ಅವುಗಳ ಜೊತೆ ಹೊಸ ಹೆಸರುಗಳೂ ಬಂದವು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಉಪ್ಪುಗಾಲು ಅಂಥ ಒಂದು ಪದ. ನಿಮ್ಮ ಕಾಲದ ಮೀನುಪೇಟೆಯೂ ಬಸ್‌ಸ್ಟ್ಯಾಂಡೂ ಈಗ ಕಡಲೊಳಗಿವೆ. ಉಬ್ಬರದ ಹೊತ್ತಿನಲ್ಲಿ ನಮ್ಮ ಅಂಗಳಕ್ಕೆ ಮೊಣಕಾಲಿನವರೆಗೆ ನೀರು ಬರುತ್ತದೆ. ಮಂಚದ ಕಾಲುಗಳ ಕೆಳಗೆ ಕಲ್ಲು ಇಟ್ಟು ಮಲಗುತ್ತೇವೆ, ಕೋಳಿಗಳನ್ನು ಮನೆಯ ಮಾಡಿನ ಮೇಲೆ ಸಾಕುತ್ತೇವೆ, ಮಕ್ಕಳನ್ನು ದೋಣಿಯಲ್ಲಿ ಶಾಲೆಗೆ ಬಿಡುತ್ತೇವೆ. ದಿನವಿಡೀ ಉಪ್ಪುನೀರಿನಲ್ಲಿ ನಿಂತು ದುಡಿಯುವವರ ಅಂಗಾಲು ಬಿರಿದು, ಬಿರುಕಿನಲ್ಲಿ ಕೀವು ತುಂಬಿ, ಬೆರಳುಗಳು ಒಂದೊಂದಾಗಿ ಕಪ್ಪಾಗುತ್ತವೆ. ಹೊತ್ತಿಗೆ ಸರಿಯಾಗಿ ತೊಳೆದು ಔಷಧಿ ಕಟ್ಟಿದರೆ ಪಾದ ಉಳಿಯುತ್ತದೆ. ಬಿಟ್ಟರೆ ಕತ್ತರಿಸಬೇಕು.

ಗುಡ್ಡೆಯ ಮೇಲೆ ಒಂದು ಆಸ್ಪತ್ರೆಯಿದೆ. ಅದನ್ನು ಶುರುಮಾಡಿದವರು ನಿಮಗಿಂತಲೂ ಹಿಂದಿನ ಮೂವರು ಕನ್ಯಾಸ್ತ್ರೀಯರು. ಊರಿನವರು ತಮ್ಮವರನ್ನೇ ಹೊರಗೆ ಹಾಕುತ್ತಿದ್ದ ಕಾಲವದು: ಕುಷ್ಠದವರನ್ನು, ಪ್ಲೇಗಿನವರನ್ನು, ಗಂಡನಿಲ್ಲದೆ ಬಸುರಾದವರನ್ನು. ಈ ಸಿಸ್ಟರುಗಳು ತೆಂಗಿನ ಮಡಲಿನ ಚಪ್ಪರ ಹಾಕಿ, ಒಂದು ಕಲ್ಲಿನ ಮರಿಗೆಯಲ್ಲಿ ನೀರು ತುಂಬಿಟ್ಟು, ಬಂದವರ ಜಾತಿ ಕೇಳದೆ ಹುಣ್ಣು ತೊಳೆದರು. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆದು ಪವಿತ್ರ ಗುರುವಾರ ಇಗರ್ಜಿಗಳಲ್ಲಿ ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಅದಕ್ಕೆ ಅವರು ಬೇರೆ ಜನರನ್ನು ಹುಡುಕಲಿಲ್ಲ. ಅಂದಿನ ಸಾಲಿನಲ್ಲಿ ಮೊದಲು ಕೂತ ಹನ್ನೆರಡು ರೋಗಿಗಳೇ ಅವರ ಶಿಷ್ಯರು.

ಈಗ ಆ ಮರಿಗೆ ಗಾಜಿನ ಪೆಟ್ಟಿಗೆಯಲ್ಲಿದೆ. ಆಸ್ಪತ್ರೆಯ ಮುಂದೆ ಮೂಗುಬಾಗಿಲು ಇದೆ. ಮೈಯ ವಾಸನೆಯಿಂದಲೇ ರೋಗ ಗುರುತಿಸುವ ಬಾಗಿಲು ಅದು. ಬಂದವರಿಗೆ ಬೇಗ ಔಷಧಿ ಸಿಗಲಿ ಎಂದು ಮಾಡಿದ್ದು. ಒಳಗಿರುವ ಹಣವಂತ ರೋಗಿಗಳಿಗೆ ಓಕರಿಕೆ ಬರುತ್ತದೆಂದು, ಕೀವಿನ ವಾಸನೆ ಬಂದರೆ ಕಿರುಚುವಂತೆ ಅದನ್ನು ಬದಲಾಯಿಸಿದ್ದಾರೆ. ಉಪ್ಪುಗಾಲಿನವರು ಅಲ್ಲಿಂದಲೇ ವಾಪಸು. ಹೆಸರು ಮಾತ್ರ ಇನ್ನೂ ಧರ್ಮಾಸ್ಪತ್ರೆ! ಬರೆಯುವಾಗಲೂ ನನಗೆ ಉಗುಳಬೇಕೆನಿಸುತ್ತದೆ.

ಪವಿತ್ರ ಗುರುವಾರ ಒಂದು ದಿನ ಆ ಬಾಗಿಲಿನ ಬಾಯಿ ಕಟ್ಟುತ್ತಾರೆ, ಕಾಲು ತೊಳೆಯುವುದನ್ನು ನೋಡಲು ದೊಡ್ಡವರು ಬರುತ್ತಾರೆಂದು. ಹನ್ನೆರಡು ಮಂದಿಯನ್ನು ನೌಕರರಲ್ಲೇ ಆರಿಸುತ್ತಾರೆ, ಅದೂ ಕಾಲು ನೋಡಿ. ಅವರ ಕಾಲನ್ನು ಮೊದಲೇ ಸಾಬೂನು ಹಾಕಿ ತಿಕ್ಕಿ, ಉಗುರು ಕತ್ತರಿಸಿ, ಗಂಧದೆಣ್ಣೆ ಹಚ್ಚುವುದು ಲುಸ್ಸಿಬಾಯಿಯ ಕೆಲಸ. ಹನ್ನೊಂದು ವರ್ಷ ಅದನ್ನು ಮಾಡಿದ್ದಾಳೆ.

ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಮಾರುವ ದೂಮಕ್ಕನಿಗೆ ಇಗರ್ಜಿಯ ವಿಧಿಗಳು ಗೊತ್ತಿಲ್ಲ. ಗುರುವಾರ ಗುಡ್ಡೆಯಲ್ಲಿ ಕಾಲು ತೊಳೆಯುತ್ತಾರೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಅದು ಉಪ್ಪುಗಾಲಿನ ಚಿಕಿತ್ಸೆಯೆಂದೇ ತಿಳಿದು, ಈ ವರ್ಷ ಎಡಗಾಲಿಗೆ ಬಟ್ಟೆ ಸುತ್ತಿ ಕುಂಟುತ್ತ ಬಂದಳು. ಎರಡು ಬೆರಳು ಆಗಲೇ ಕಪ್ಪಾಗಿದ್ದವು. ಈ ವಾರ ದಾಟಿದರೆ ಪಾದವೇ ಹೋಗುತ್ತದೆ, ಪಾದ ಹೋದರೆ ಕೆಸರಿಗೆ ಇಳಿಯುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹನ್ನೆರಡನೆಯವನು ಮೂತ್ರಕ್ಕೆ ಎದ್ದು ಹೋಗಿದ್ದ. ಖಾಲಿ ಕುರ್ಚಿ ಕಂಡು ಕೂತಳು.

ಲುಸ್ಸಿಬಾಯಿ ಓಡಿಬಂದಳು. "ದೂಮಕ್ಕಾ, ಎಂತ ಮಾರಾಯ್ತಿ ಇದು, ಏಳು! ಇದು ಕೆಲಸದವರ ಕುರ್ಚಿ."

"ನನ್ನ ಕಾಲು ಇವರದ್ದರಷ್ಟು ಚಂದ ಇದ್ದಿದ್ರೆ ನಾನು ಯಾಕೆ ಈ ಬಿಸಿಲಲ್ಲಿ ಗುಡ್ಡೆ ಹತ್ತುದು?" ಎಂದಳು ದೂಮಕ್ಕ. "ಸರದಿ ಬರ್ಲಿ, ಕೂತಿದ್ದೇನೆ."

ಅಷ್ಟರಲ್ಲಿ ಆಸ್ಪತ್ರೆಯ ಮುಖ್ಯಸ್ಥರಾದ ಫಾದರ್, ಬೆಳ್ಳಿಯ ಹೂಜಿ ಹಿಡಿದು ಸಾಲಿಗೆ ಬಂದರು. ಹನ್ನೊಂದು ಜೊತೆ ಹೊಳೆಯುವ ಪಾದಗಳಿಗೆ ನೀರು ಹನಿಸಿ, ಒರೆಸಿ, ಮುತ್ತಿಟ್ಟರು. ಹನ್ನೆರಡನೆಯದರ ಬಟ್ಟೆ ಬಿಚ್ಚಿದರು. ವಾಸನೆ ಮುಂದಿನ ಸಾಲಿನ ರೇಷ್ಮೆ ಸೀರೆಗಳವರೆಗೂ ಹೋಯಿತು. ಫಾದರ್ ಟವೆಲನ್ನು ಮೂಗಿಗೆ ಒತ್ತಿಕೊಂಡರು. ದೂಮಕ್ಕನ ಮುಖ ನೋಡಲಿಲ್ಲ, ಹಿಂದೆ ತಿರುಗಿದರು.

"ಲುಸ್ಸಿಬಾಯಿ, ಇದನ್ನು ನೀನು ತೊಳೀಲಿಲ್ವಾ?"

"ತೊಳಿಸ್ಲಿಕ್ಕೇ ಬಂದದ್ದಲ್ವಾ ಫಾದರೇ?" ಎಂದಳು ದೂಮಕ್ಕ.

ಯಾರೋ ನಕ್ಕರು. ಇಬ್ಬರು ಕಾವಲುಗಾರರು ಅವಳನ್ನು ಕುರ್ಚಿಸಮೇತ ಎತ್ತಿ ಬಾಗಿಲಾಚೆ ಇಳಿಸಿ, ಕುರ್ಚಿಯನ್ನು ಮಾತ್ರ ಒಳಗೆ ತಂದು, ಅದರ ಮೇಲೆ ಅತ್ತರು ಚಿಮುಕಿಸಿದರು. ಮೂತ್ರಕ್ಕೆ ಹೋಗಿದ್ದವನು ಬಂದು ಕೂತ. ಅವನ ಕಾಲಿಗೆ ಮುತ್ತು ಸಿಕ್ಕಿತು.

"ಕೀವು ನೋಡಿ ನನಗೆ ಹೇಸಿಗೆ ಆಗ್ಲಿಲ್ಲ," ಎಂದಳು ಲುಸ್ಸಿಬಾಯಿ ಹುಣಸೆಮರದ ಕೆಳಗೆ. "ಈ ಕೈ ನೋಡಿ ಆಯ್ತು. ಹನ್ನೊಂದು ವರ್ಷ ಕೊಳೆಯೇ ಇಲ್ಲದ ಕಾಲು ತಿಕ್ಕಿದ ಕೈ."

ಗಂಜಿ ಬಂತು. ಲುಸ್ಸಿಬಾಯಿ ಬಟ್ಟಲು ಮುಟ್ಟದೆ ಕೈ ತೊಳೆಯಲು ಎದ್ದು ಹೋದಳು.

ಹಿರಿಯರೇ, ಇದು ಒಂದೇ ದಿನ ಹೀಗಾದದ್ದಲ್ಲ. ನಿಮ್ಮ ಕಾಲದಲ್ಲಿ ಯಾರೋ ಒಬ್ಬರು, ವಾಸನೆಯ ರೋಗಿಗಳು ಹಿಂಬಾಗಿಲಿನಿಂದ ಬರಲಿ ಎಂದರಂತೆ. ಒಳ್ಳೆಯ ಮನುಷ್ಯರೇ ಇರಬೇಕು, ಮೆಲ್ಲಗೇ ಹೇಳಿರಬೇಕು. ಕೇಳಿದವರು ತಲೆಯಾಡಿಸಿದರು. ನೀವಿನ್ನೂ ಅಲ್ಲಿದ್ದೀರಿ. ಆ ಮಾತು ಕಿವಿಗೆ ಬಿದ್ದ ದಿನ ಎದ್ದು ನಿಂತು ಬೇಡ ಎನ್ನಿ. ನಾನು ಕೇಳುವುದು ಇಷ್ಟೇ.

ದೂಮಕ್ಕನಿಗೆ ಎರಡು ಬೆರಳು ಹೋದವು, ಪಾದ ಉಳಿಯಿತು. ಉಳಿದದ್ದು ಹೀಗೆ. ಲುಸ್ಸಿಬಾಯಿ ಕಥೆ ಹೇಳಿದ ಮರುದಿನ, ಶನಿವಾರ ಬೆಳಿಗ್ಗೆ, ನಾವು ಹದಿನೈದು ಮಂದಿ ದೂಮಕ್ಕನನ್ನು ಜೊತೆಗೆ ಕರೆದುಕೊಂಡು ಗುಡ್ಡೆ ಹತ್ತಿದೆವು. ಗಾಜಿನ ಪೆಟ್ಟಿಗೆಯ ದೂಳು ಒರೆಸುವ ಕೆಲಸವೂ ಲುಸ್ಸಿಬಾಯಿಯದೇ ಆದ್ದರಿಂದ ಕೀಲಿ ಅವಳ ಸೊಂಟದಲ್ಲೇ ಇತ್ತು. ಎಂಟು ಜನ ಸೇರಿ ಮರಿಗೆಯನ್ನು ಹೊರಗೆ ತಂದು ಮೂಗುಬಾಗಿಲಿನ ಎದುರೇ ಇಳಿಸಿ ನೀರು ತುಂಬಿದೆವು. ಇಬ್ಬರು ಎಳೆಯ ಸಿಸ್ಟರುಗಳು ಯಾರೂ ಕರೆಯದೆಯೇ ಔಷಧಿ, ಬಟ್ಟೆ ತಂದು ನೆಲಕ್ಕೆ ಕೂತರು. ದೂಮಕ್ಕ ಮೊದಲು ಕಾಲು ಇಟ್ಟಳು, ಇಟ್ಟವಳೇ "ಸ್ವಲ್ಪ ಬಿಸಿ ಮಾಡ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದು ಗದರಿದಳು. ಬಾಗಿಲು ಮಧ್ಯಾಹ್ನದವರೆಗೂ ಕಿರುಚುತ್ತಲೇ ಇತ್ತು. ನಾವು ತಲೆಯೆತ್ತಲಿಲ್ಲ. ಸಾಲು ಗುಡ್ಡೆಯ ಬುಡದವರೆಗೆ ಬೆಳೆದಿತ್ತು.